ರಾಜಕುಮಾರಿಯ ಮಣ್ಣು, ಅತ್ತೆಯ ಬಸಳೆ

ಒಬ್ಬ ರಾಜಕುಮಾರಿಯ ಜೊತೆ ಒಂದೇ ಅಡುಗೆಮನೆಯಲ್ಲಿ ಸಂಸಾರ ಮಾಡಿದ್ದೇನೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು ಪುಣ್ಯ ಮಾಡಿದ್ದೀ ಎನ್ನುತ್ತಾರೆ. ರಾಜಕುಮಾರಿ ಸಿಂಕಿನಲ್ಲಿ ಬಿಟ್ಟುಹೋದ ಚಹಾದ ಲೋಟಗಳನ್ನು ತೊಳೆದ ಕೈ ನನ್ನದು. ಅದು ಪುಣ್ಯವೋ ಕರ್ಮವೋ ಎಂದು ತೀರ್ಮಾನಿಸುವ ಅಧಿಕಾರವೂ ನನಗೇ ಇರಲಿ.

ತೊಂಬತ್ತರ ದಶಕದ ಮಾತು. ಕತಾರಿನ ದೋಹಾ ನಗರ, ದೋಹಾ ಅಲ್ ಜದೀದಾ ಎಂಬ ಬಡಾವಣೆಯ ಒಂದು ಒಳಗಲ್ಲಿಯಲ್ಲಿ ಅಂಗಳವಿರುವ ಹಳೆಯ ಮನೆ. ಮಾಲೀಕ ನಡುವೆ ಗೋಡೆ ಎಬ್ಬಿಸಿ ಎರಡು ಬಾಡಿಗೆ ಮಾಡಿಕೊಂಡಿದ್ದ. ಹಿಂದಿನ ಎರಡು ಕೋಣೆ ನಮ್ಮದು, ಮುಂದಿನ ದೊಡ್ಡ ಕೋಣೆ ಅವರದು. ಅಡುಗೆಮನೆ, ಬಚ್ಚಲು, ಅಂಗಳ ಎಲ್ಲರಿಗೂ ಸೇರಿದ್ದು. ನಮ್ಮವರು ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್, ನಾನು ಇನ್ನೊಂದು ಆಫೀಸಿನಲ್ಲಿ ಟೈಪಿಸ್ಟ್. ಮುಂದಿನ ಕೋಣೆಗೆ ಯಾರೋ ಬಿಳಿ ಮುದುಕಿ ಬರುತ್ತಾರಂತೆ ಎಂದಾಗ ನನಗೆ ಸಂತೋಷವೇ ಆಗಿತ್ತು. ಗಲಾಟೆ ಇರುವುದಿಲ್ಲ, ಮೀನು ಹುರಿದರೆ ಜಗಳವಾದೀತು ಅಷ್ಟೆ ಎಂದುಕೊಂಡಿದ್ದೆ.

ಮೀನಿಗೆ ಅವರು ಜಗಳವಾಡಲಿಲ್ಲ, ಹುರಿದದ್ದರಲ್ಲಿ ಪಾಲು ಕೇಳಿದರು. ಅರುವತ್ತು ದಾಟಿದ, ನೆಟ್ಟಗಿನ ಬೆನ್ನಿನ ಹೆಂಗಸು. ಯುರೋಪಿನ ನಡುಮಧ್ಯೆ, ಬೆಟ್ಟಗಳ ನಡುವೆ ಇರುವ ಒಂದು ಸಣ್ಣ ದೇಶಕ್ಕೆ ಅವರ ಅಜ್ಜ ರಾಜರಾಗಿದ್ದರಂತೆ. ಜನ ದಂಗೆಯೆದ್ದು ಸಿಂಹಾಸನ ಉರುಳಿಸಿದಾಗ ಕುಟುಂಬ ಉಟ್ಟ ಬಟ್ಟೆಯಲ್ಲಿ ಗಡಿ ದಾಟಿತು. ರಾಜವಂಶದವರು ಯಾರೂ ಮರಳಿ ಕಾಲಿಡಬಾರದೆಂದು ಅಲ್ಲಿ ಕಾನೂನಾಯಿತು. ಇವರು ಹುಟ್ಟಿದ್ದು ಬೇರೆ ದೇಶದ ಕಡಲ ಬದಿಯ ಬಾಡಿಗೆ ಮನೆಯಲ್ಲಿ, ಬೆಳೆದದ್ದು ಅಂಥವೇ ಹತ್ತಾರು ಬಾಡಿಗೆ ಮನೆಗಳಲ್ಲಿ. ದೋಹಾದ ಒಂದು ದೊಡ್ಡ ಮನೆತನದ ಹೆಣ್ಣುಮಕ್ಕಳಿಗೆ ಪಿಯಾನೋ, ಫ್ರೆಂಚ್, ಯಾವ ಚಮಚದಲ್ಲಿ ಏನು ತಿನ್ನಬೇಕು ಎಂಬುದನ್ನೆಲ್ಲ ಕಲಿಸಲು ಬಂದವರು, ಆ ಹುಡುಗಿಯರಿಗೆ ಮದುವೆಯಾದ ಮೇಲೂ ಇಲ್ಲೇ ಉಳಿದು ಮನೆಮನೆಗೆ ಹೋಗಿ ಪಾಠ ಹೇಳುತ್ತಿದ್ದರು.

ರಾಜ್ಯವಿಲ್ಲದಿದ್ದರೂ ರಾಜಕುಮಾರಿಯನ್ನು ಬೆಳೆಸುವ ಕ್ರಮ ಮಾತ್ರ ಆ ಬಾಡಿಗೆ ಮನೆಗಳಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಕುದುರೆಗಾಡಿಯಿಂದ ಹೇಗೆ ಇಳಿಯಬೇಕು, ಜನರಿಗೆ ಎಷ್ಟು ಎತ್ತರ ಕೈಯೆತ್ತಿ ಬೀಸಬೇಕು, ಪಟ್ಟಾಭಿಷೇಕದ ದಿನ ಎಲ್ಲಿ ನಿಲ್ಲಬೇಕು ಎಲ್ಲವೂ ಅವರಿಗೆ ಗೊತ್ತಿತ್ತು. ಒಮ್ಮೆಯೂ ನೋಡದ ಆ ದೇಶದ ಜಿಲ್ಲೆಗಳ, ನದಿಗಳ ಹೆಸರನ್ನು ನಾವು ಮಗ್ಗಿ ಹೇಳಿದ ಹಾಗೆ ಒಂದೇ ಉಸಿರಿಗೆ ಹೇಳುತ್ತಿದ್ದರು. ನೀರು ಕುದಿಸಲು ಮಾತ್ರ ಬರುತ್ತಿರಲಿಲ್ಲ. ಗ್ಯಾಸ್ ಹಚ್ಚಿ ಪಾತ್ರೆ ಇಡುವುದನ್ನು ಮರೆಯುತ್ತಿದ್ದರು, ಇಲ್ಲವೆ ಪಾತ್ರೆ ಇಟ್ಟು ಗ್ಯಾಸ್ ಹಚ್ಚುವುದನ್ನು.

ಬೇಸಗೆಯಲ್ಲಂತೂ ನನ್ನ ತಲೆ ಕೆಡುತ್ತಿತ್ತು. ದೋಹಾದಲ್ಲಿ ಬೇಸಗೆ ಬಂತೆಂದರೆ ಛಾವಣಿಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಅದಕ್ಕೇ ಎಲ್ಲರೂ ಗೀಸರನ್ನು ಆಫ್ ಮಾಡಿ, ಅದರೊಳಗೆ ತಣಿದ ನೀರನ್ನು ಬಳಸುತ್ತಾರೆ. ಇಲ್ಲಿ ಕಾಲಿಟ್ಟ ವಾರದಲ್ಲೇ ಎಲ್ಲರೂ ಕಲಿಯುವ ಪಾಠ ಇದು. ಎಷ್ಟೋ ವರ್ಷ ಇದ್ದ ರಾಜಕುಮಾರಿ ಮಾತ್ರ ಪ್ರತಿ ಸಲ ಗೀಸರ್ ಆನ್ ಮಾಡಿ, ಕೆಂಪಗಾದ ಕೈಯನ್ನು ನನಗೆ ತಂದು ತೋರಿಸುತ್ತಿದ್ದರು. ನಾನೇ ಕಾಯಿಸಿಟ್ಟ ಹಾಗೆ.

ನಮ್ಮವರಿಗೆ ಅವರ ಮೇಲೆ ಅಪಾರ ಗೌರವ. "ರಾಜರ ರಕ್ತ ಅಲ್ವಾ ಮಾರಾಯ್ತಿ, ಸ್ವಲ್ಪ ಸುಧಾರಿಸು" ಎನ್ನುತ್ತಿದ್ದರು. ಆ ರಕ್ತಕ್ಕೆ ಬೆಳಿಗ್ಗೆ ಚಹಾ ಕಾಯಿಸಿ ಸುಧಾರಿಸುತ್ತಿದ್ದವಳು ನಾನು.

ಅವರ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದು, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ. ಒಮ್ಮೆ ಅವರ ಏಸಿ ಸೋರಿ ಕೋಣೆಯ ಕಾರ್ಪೆಟ್ ಒದ್ದೆಯಾದಾಗ ನಮ್ಮವರು ಆ ಪೆಟ್ಟಿಗೆಯನ್ನು ಏದುಸಿರು ಬಿಡುತ್ತ ಅಂಗಳಕ್ಕೆ ತಂದಿಟ್ಟರು. ಇದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ರಾಜಕುಮಾರಿ, "ನನ್ನ ದೇಶವಿದೆ" ಎಂದರು. ಹಳೆಯ ಫೋಟೋ, ಕಾಗದಪತ್ರ ಇರಬೇಕೆಂದು ನಾನು ಸುಮ್ಮನಾದೆ. ಕಾರ್ಪೆಟ್ ಒಣಗಿತು, ಏಸಿ ರಿಪೇರಿಯಾಯಿತು, ಪೆಟ್ಟಿಗೆ ಮಾತ್ರ ಅಂಗಳದ ನಲ್ಲಿಯ ಪಕ್ಕದಲ್ಲೇ ಉಳಿಯಿತು. ಒಳಗಿಡಿ, ಒಳಗಿಡಿ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಅವರು ತಲೆಯಾಡಿಸುತ್ತಿದ್ದರು. ಯಾರಾದರೂ ಬಂದು ಎತ್ತಿ ಇಡುತ್ತಾರೆಂದು ಕಾಯುತ್ತಿದ್ದರು ಎಂದು ಈಗ ಅರ್ಥವಾಗುತ್ತದೆ. ಅವರನ್ನು ಹಾಗೆಯೇ ಬೆಳೆಸಿದ್ದರು.

ಆ ಚಳಿಗಾಲದಲ್ಲಿ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿ, ಮತ್ತು ಎಲ್ಲದರ ಕೆಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ದಂಟು. ನಮ್ಮ ಕರಾವಳಿಯ ಹೆಂಗಸರಿಗೆ ಮನೆಯ ಬದಿಯಲ್ಲಿ ಒಂದು ಬಸಳೆ ಚಪ್ಪರ ಇಲ್ಲದಿದ್ದರೆ ಮನೆ ಮನೆಯಲ್ಲ. ಬಂದ ಮರುದಿನವೇ ಅತ್ತೆ ಅಂಗಳದ ಮರಳು ಕೆದಕಿ ನೋಡಿ ಮುಖ ಸಿಂಡರಿಸಿದರು.

"ಎಂತ ಊರು ಮಾರಾಯ್ತಿ ಇದು? ಎಲ್ಲಾ ಉಪ್ಪು ಹೊಯಿಗೆ. ಒಂದು ಮುಷ್ಟಿ ಮಣ್ಣಿಗೆ ಗತಿ ಇಲ್ಲ. ನೀವೆಲ್ಲ ಇಲ್ಲಿ ಹೇಗೆ ಇರುವುದು?"

ನಾನು ಆಫೀಸಿಗೆ ಹೊರಟಿದ್ದೆ, ಉತ್ತರಿಸಲು ಪುರುಸೊತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಪೇಂಟಿನ ಖಾಲಿ ಬಕೆಟೊಂದರಲ್ಲಿ ಬಸಳೆ ಚಿಗುರಿತು. ಮಣ್ಣು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ನಮ್ಮವರೇ ನರ್ಸರಿಯಿಂದ ತಂದಿರಬೇಕೆಂದುಕೊಂಡೆ. ನಾನು ತರಿಸಿದ್ದೇನೆಂದು ಅವರು ಅಂದುಕೊಂಡಿದ್ದರಂತೆ. ನಮ್ಮ ದಾಂಪತ್ಯ ಹೀಗೆಯೇ ನಡೆದುಕೊಂಡು ಬಂದಿದೆ.

ಬಸಳೆ ಬಟ್ಟೆ ಒಣಹಾಕುವ ತಂತಿಗೆ ಹಬ್ಬಿತು. ಅತ್ತೆ ಒಣ ಸಿಗಡಿ ಹಾಕಿ, ಕಾಯಿ ಅರೆದು ಗಟ್ಟಿ ಸಾರಿನಂಥ ಗಸಿ ಮಾಡಿದರು. ರಾಜಕುಮಾರಿ ಅದನ್ನು ಮಡಿಲಿಗೆ ಕಾಟನ್ ನ್ಯಾಪ್ಕಿನ್ ಹಾಸಿಕೊಂಡು, ಚಮಚ ಮುಳ್ಳುಚಮಚ ಹಿಡಿದು, ಎರಡು ಸಲ ಬಡಿಸಿಕೊಂಡು ತಿಂದರು. ಇಲ್ಲಿಯ ಅರಬಿಯಲ್ಲಿ ಇಲ್ಲ ಎನ್ನಲು ಮಾಫಿ ಎನ್ನುತ್ತಾರೆ; ಅತ್ತೆಗೆ ಇಂಗ್ಲಿಷ್ ಮಾಫಿ, ರಾಜಕುಮಾರಿಗೆ ತುಳು ಮಾಫಿ, ಆದರೂ ಇಬ್ಬರಿಗೂ ಹೇಗೋ ಸರಿಹೋಯಿತು. ಸಂಜೆ ಪಾಠ ಮುಗಿಸಿ ಬರುವ ರಾಜಕುಮಾರಿಯನ್ನು ಬಾಗಿಲ ಮೆಟ್ಟಿಲಲ್ಲಿ ಕುಳಿತ ಅತ್ತೆ "ಬತ್ತರಾ?" ಎಂದು ಮಾತಾಡಿಸುತ್ತಿದ್ದರು. ಬಂದಿರಾ ಎಂದು ಅರ್ಥ. ನಮ್ಮಲ್ಲಿ ಮನೆಗೆ ಬಂದವರನ್ನು ಮಾತಾಡಿಸುವುದೇ ಹಾಗೆ. ರಾಜಕುಮಾರಿ ಪಟ್ಟಾಭಿಷೇಕಕ್ಕೆಂದು ಕಲಿತ ಕೈಬೀಸನ್ನು ಉತ್ತರವಾಗಿ ಕೊಡುತ್ತಿದ್ದರು.

ಚಳಿ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಅವರ ದೇಶದಲ್ಲಿ ಸರಕಾರ ಬದಲಾಗಿ ಹಳೆಯ ಕಾನೂನು ರದ್ದಾಗಿದೆ, ರಾಜವಂಶದವರು ಬಂದುಹೋಗಬಹುದು. ಅಂದು ರಾಜಕುಮಾರಿ ತಾವೇ ಚಹಾ ಮಾಡಿದರು. ಕುಡಿಯಲು ಆಗುವಂತಿರಲಿಲ್ಲ, ಆದರೂ ನಾವು ಕುಡಿದೆವು.

"ಮೈ ಡಿಯರ್, ಊರಿಗೆ ಹೋಗುವುದೆಂದರೆ ಹೇಗಿರುತ್ತದೆ? ನೀವು ಎರಡು ವರ್ಷಕ್ಕೊಮ್ಮೆ ಹೋಗುತ್ತೀರಲ್ಲ" ಎಂದು ನನ್ನನ್ನು ಕೇಳಿದರು.

ನನಗೆ ಆ ವಿಷಯದಲ್ಲಿ ಸಿಟ್ಟಿತ್ತು. "ಜನ ಎರಡು ಪ್ರಶ್ನೆ ಕೇಳುತ್ತಾರೆ. ಯಾವಾಗ ಬಂದದ್ದು, ಯಾವಾಗ ಹೋಗುವುದು. ಸೂಟ್‌ಕೇಸ್ ಕೆಳಗಿಡುವ ಮೊದಲೇ ಕೇಳುತ್ತಾರೆ. ಚಿಕ್ಕಮ್ಮ, ಅಂಗಡಿಯವನು, ಬಸ್ಸಿನ ಕಂಡಕ್ಟರ್, ಎಲ್ಲರೂ. ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿ" ಎಂದೆ.

ಅವರು ನಕ್ಕರು. "ನನ್ನನ್ನು ಯಾರೂ ಹಾಗೆ ಕೇಳುವುದಿಲ್ಲ. ಅದು ನನ್ನ ದೇಶ."

ಆಗಲೇ ಪೆಟ್ಟಿಗೆಯ ಕಥೆ ಹೇಳಿದ್ದು. ಅವರ ಮನೆತನದಲ್ಲಿ ರಾಜನ ಮಕ್ಕಳು ಮೊಮ್ಮಕ್ಕಳು ತಮ್ಮ ನೆಲದ ಮೇಲೆಯೇ ಹುಟ್ಟಬೇಕು, ಇಲ್ಲದಿದ್ದರೆ ಆ ನೆಲದವರಲ್ಲ ಎಂಬ ಕಟ್ಟುನಿಟ್ಟು. ದೇಶ ಬಿಟ್ಟು ಓಡುವಾಗ ಅರಮನೆಯ ತೋಟದ ಮಣ್ಣನ್ನು ತುಂಬಿಸಿ ತಂದಿದ್ದರಂತೆ. ಬಾಡಿಗೆ ಮನೆಯಲ್ಲಿ ಇವರ ತಾಯಿಗೆ ಹೆರಿಗೆ ನೋವು ಬಂದಾಗ ಆ ಮಣ್ಣನ್ನು ಮಂಚದ ಕೆಳಗೆ ಹರಡಿದರು. ಇವರು ಹುಟ್ಟಿದ್ದು ಆ ಮಣ್ಣಿನ ಮೇಲೆ. ಎಷ್ಟು ಮನೆ ಬದಲಿಸಿದರೂ, ಎಷ್ಟು ಸಾಮಾನು ಮಾರಿದರೂ ಆ ಪೆಟ್ಟಿಗೆಯನ್ನು ಬಿಟ್ಟಿರಲಿಲ್ಲ. ಈಗ ಅದನ್ನು ಒಯ್ದು ಅಜ್ಜನ ತೋಟದಲ್ಲೇ ಮರಳಿ ಸುರಿಯಬೇಕು. ಅವರ ಪ್ರಯಾಣಕ್ಕೆ ಬೇರೆ ಉದ್ದೇಶವೇ ಇರಲಿಲ್ಲ. "ಅಷ್ಟಾದರೆ ನಾನು ಹುಟ್ಟಿದ್ದು ನಿಜವಾಗುತ್ತದೆ" ಎಂದರು.

ನಾನು ಅಂಗಳದ ಪೆಟ್ಟಿಗೆಯನ್ನು ನೋಡಿದೆ. ಆಮೇಲೆ ಬಕೆಟನ್ನು ನೋಡಿದೆ.

ಅಷ್ಟರಲ್ಲಿ ರಾಜಕುಮಾರಿ ಮಣ್ಣು ತುಂಬಿಸಲು ಕೈಚೀಲ ತಂದು ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರು. ಒಳಗೆ ಅಂಚಿನವರೆಗೆ ತುಂಬಿತ್ತು. ಕತಾರಿನ ಬಿಳಿ ಹೊಯಿಗೆ. ಅವರು ಬೆರಳಿನಿಂದ ಮುಟ್ಟಿ, ಕನ್ನಡಕ ಏರಿಸಿ, ಮತ್ತೆ ಮುಟ್ಟಿದರು. "ಬಣ್ಣ ಹೋಗಿದೆ. ಬಿಸಿಲಿಗಿರಬೇಕು" ಎಂದು ನನ್ನನ್ನೇ ಕೇಳುವ ಹಾಗೆ ಹೇಳಿದರು. ನಾನು ಹಿಂದಿನ ಕೋಣೆಗೆ ಹೋದೆ.

ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು.

"ಅತ್ತೆ, ಬಸಳೆಗೆ ಮಣ್ಣು ಎಲ್ಲಿಂದ ತೆಗೆದದ್ದು?"

"ಆ ನಲ್ಲಿ ಹತ್ತಿರದ ಪೆಟ್ಟಿಗೆಯಿಂದ. ಎಂತಕೆ?"

"ಇನ್ನೊಬ್ಬರ ಪೆಟ್ಟಿಗೆ, ಕೇಳದೆ ತೆಗೆಯುವುದಾ?"

"ಮಣ್ಣಿಗೆ ಎಂತ ಕೇಳುವುದು? ಚಿನ್ನವಾ ಅದು? ಮತ್ತೆ ನಾನು ಖಾಲಿ ಇಟ್ಟಿದ್ದೇನಾ? ತುಂಬಿಸಿಯೇ ಇಟ್ಟದ್ದು."

ಆಗ ನನಗೆ ಪೂರ್ತಿ ಅರ್ಥವಾಯಿತು. ನಮ್ಮಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಕ್ರಮವಿಲ್ಲ. ಸಾರು ಬಂದ ಪಾತ್ರೆಯಲ್ಲಿ ನಾಲ್ಕು ಬಾಳೆಹಣ್ಣಾದರೂ ಹಾಕಿ ಕೊಡಬೇಕು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ. ಮಣ್ಣು ತೆಗೆದ ಪೆಟ್ಟಿಗೆಯನ್ನು ಖಾಲಿ ಇಡಲು ಅತ್ತೆಯ ಮನಸ್ಸು ಒಪ್ಪಿಲ್ಲ. ಗಲ್ಲಿಯ ಆಚೆ ಮನೆ ಕಟ್ಟಲು ಸುರಿದ ರಾಶಿಯಿಂದ ಹೊಯಿಗೆ ತಂದು, ಮರ್ಯಾದೆಯಾಗಿ ತುಂಬಿಸಿ, ಮುಚ್ಚಳ ಹಾಕಿದ್ದಾರೆ. ಕಳ್ಳತನ ಮಾಡಿದ್ದರೆ ಬಯ್ಯಬಹುದಿತ್ತು. ಇಷ್ಟು ಸಭ್ಯವಾಗಿ ಕೆಟ್ಟ ಕೆಲಸ ಮಾಡಿದವರನ್ನು ಏನೆಂದು ಬಯ್ಯುವುದು?

ನಮ್ಮವರು ಬಂದು ಕೇಳಿ ತಲೆಯ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ಯೋಚಿಸಿ ಉಪಾಯ ಹೇಳಿದರು.

"ನರ್ಸರಿಯಿಂದ ಒಂದು ಚೀಲ ಕೆಂಪು ಮಣ್ಣು ತಂದು ಹಾಕುವ. ಮಣ್ಣು ಮಣ್ಣೇ ಅಲ್ವಾ? ಅವರಿಗೆ ಹೇಗೆ ಗೊತ್ತಾಗ್ತದೆ? ಖಲಾಸ್."

"ರಾಜರ ರಕ್ತ ಅಂತ ಹಾಡಿದ್ದು ನೀವೇ ಅಲ್ವಾ? ಈಗ ಅವರ ಕೈಗೆ ಅಂಗಡಿ ಮಣ್ಣು ಕೊಟ್ಟು ಅಜ್ಜನ ತೋಟಕ್ಕೆ ಕಳಿಸುವುದಾ?" ಎಂದೆ. ಇಂಥ ಹೊತ್ತಿನಲ್ಲಿ ಈ ಮನೆಯಲ್ಲಿ ಹೇಳುವ ಕೆಲಸ ಯಾವಾಗಲೂ ನನ್ನ ಪಾಲಿಗೆ. ಅತ್ತೆಯನ್ನು ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದೆ.

ಹೇಳಿದೆ. ಪೆಟ್ಟಿಗೆ, ಬಕೆಟು, ಬಸಳೆ, ಹೊಯಿಗೆ ಎಲ್ಲವನ್ನೂ ರಾಜಕುಮಾರಿಗೆ ಹೇಳಿದೆ. ಅವರು ಎರಡು ಸಲ ಬಡಿಸಿಕೊಂಡ ಗಸಿಯನ್ನು ಮಾತ್ರ ಬಿಟ್ಟೆ. ಅದನ್ನು ಅವರೇ ನೆನಪು ಮಾಡಿಕೊಂಡರು. ತಂತಿಯ ಮೇಲಿನ ಬಳ್ಳಿಯನ್ನು ನೋಡುತ್ತ, "ನಾನು ಅದನ್ನು ತಿಂದೆ" ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಂದು ಬಕೆಟಿನ ಮುಂದೆ ನೆಲದ ಮೇಲೆ ಕುಳಿತರು. ಅಷ್ಟು ವರ್ಷಗಳಲ್ಲಿ ಅವರು ನೆಲದ ಮೇಲೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆಗೆ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ಅವರೂ ಪಕ್ಕದಲ್ಲಿ ಕುಳಿತರು. "ನಾನು ಒಂದು ಚೂರೂ ಬಿಸಾಡ್ಲಿಲ್ಲ ಅಂತ ಹೇಳು ಅವರಿಗೆ. ಎಲ್ಲಾ ಬಕೆಟಲ್ಲೇ ಉಂಟು. ಮರುವಾಯಿ ಚಿಪ್ಪು ಮಾತ್ರ ಹೆಕ್ಕಿ ತೆಗೆದೆ, ಬೇರಿಗೆ ತಾಗ್ತದೆ ಅಂತ. ಅದನ್ನೂ ಬಿಸಾಡ್ಲಿಲ್ಲ" ಎಂದು ನಲ್ಲಿಯ ಕಟ್ಟೆಯ ಮೇಲಿದ್ದ ಗೆರಟೆ ತಂದು ಮುಂದಿಟ್ಟರು. ತೆಂಗಿನ ಆ ಗೆರಟೆಯಲ್ಲಿ ಒಂದು ಹಿಡಿಯಷ್ಟು ಕಪ್ಪೆಚಿಪ್ಪಿನ ಚೂರುಗಳಿದ್ದವು, ನಸುಗೆಂಪು ಗೆರೆಯವು.

ನಾನು ಅನುವಾದ ಮಾಡಿದೆ. ರಾಜಕುಮಾರಿ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದು ನನ್ನ ಮಣ್ಣಿನಲ್ಲಿ ಇತ್ತೇ? ಇಲ್ಲಿಯ ಮರಳಿನಲ್ಲಿ ಅಲ್ಲವೇ?"

ಕೇಳಿದೆ. "ಆ ಕೆಂಪು ಮಣ್ಣಲ್ಲೇ ಇದ್ದದ್ದು, ದೇವರಾಣೆ" ಎಂದರು ಅತ್ತೆ.

"ಇಂಥವನ್ನು ಹೆಕ್ಕಿ ಆಡುತ್ತಿದ್ದೆ" ಎಂದರು ರಾಜಕುಮಾರಿ. "ನಾನು ಹುಟ್ಟಿದ ಮನೆಯ ಹಿಂದಿನ ಕಡಲ ದಂಡೆಯಲ್ಲಿ. ಮೈ ಡಿಯರ್, ನಮ್ಮ ದೇಶಕ್ಕೆ ಕಡಲಿಲ್ಲ."

ನನಗೆ ತಕ್ಷಣ ಹೊಳೆಯಲಿಲ್ಲ. ಅವರೇ ನಿಧಾನವಾಗಿ ಬಿಡಿಸಿ ಹೇಳಿದರು. ಪ್ರಾಣಭಯದಲ್ಲಿ ಗಡಿ ದಾಟುವವರು ಪೆಟ್ಟಿಗೆ ತುಂಬ ಮಣ್ಣು ಹೊತ್ತು ತಂದಿರಲಾರರು. ಹೆರಿಗೆಯ ನೋವಿನಲ್ಲೂ ತಾಯಿ ಮಣ್ಣು ಮಣ್ಣು ಎಂದು ಹಟ ಹಿಡಿದಿರಬೇಕು. ಮನೆಯ ಯಾವನೋ ಹಳೆಯ ಆಳು ಹಿತ್ತಿಲಿಗೆ ಹೋಗಿ ಗುದ್ದಲಿಯಲ್ಲಿ ಅಗೆದು ತಂದು ಮಂಚದ ಕೆಳಗೆ ಹರಡಿರಬೇಕು. ಯಾರಿಗೂ ಹೇಳಿರಲಿಕ್ಕಿಲ್ಲ. ಅರುವತ್ತು ವರ್ಷ ಇವರು ಹೊತ್ತು ತಿರುಗಿದ್ದು ಯಾವುದೋ ಬಾಡಿಗೆ ಮನೆಯ ಹಿತ್ತಿಲನ್ನು.

ಅತ್ತೆ ನನ್ನನ್ನು ತಿವಿದರು. "ಎಂತ ಹೇಳ್ತಾರೆ?"

ಹೇಳಿದೆ. ಅತ್ತೆ ಪೂರ್ತಿ ಕೇಳಿ, ರಾಜಕುಮಾರಿಯ ಮಂಡಿಯ ಮೇಲೆ ಕೈಯಿಟ್ಟು, "ಹೆರಿಗೆ ಚಂದದಲ್ಲಿ ಆಯ್ತಲ್ಲ? ತಾಯಿ ಮಗು ಸುಖವಾಗಿ ಉಳಿದ್ರಲ್ಲ? ಮತ್ತೆಂತ ಬೇಕು?" ಎಂದರು.

ಇದನ್ನು ಅನುವಾದಿಸಲು ನನಗೆ ಹೆದರಿಕೆಯಾಯಿತು. ಆದರೆ ರಾಜಕುಮಾರಿ ಕಾಯುತ್ತಿದ್ದರು, ಹೇಳಿಬಿಟ್ಟೆ. ಅವರು ಮೊದಲು ನಕ್ಕರು. ಆಮೇಲೆ ಅತ್ತರು. ಆಮೇಲೆ ಕರವಸ್ತ್ರ ಇಲ್ಲವೆಂದು ನನ್ನ ಸೆರಗು ಹಿಡಿದು ಮೂಗು ಒರೆಸಿಕೊಂಡರು. ಅದು ಇಸ್ತ್ರಿ ಮಾಡಿದ ಸೀರೆ. ಅದರ ಇನ್ನೊಂದು ತುದಿಯಲ್ಲಿ ನಾನೂ ಕಣ್ಣೊರೆಸಿಕೊಂಡೆ.

ಬಳ್ಳಿ ಕಿತ್ತು ಮಣ್ಣು ಕೊಡುತ್ತೇವೆಂದು ನಮ್ಮವರು ಹೇಳಿದರು. ಬೇಡ, ಇರಲಿ ಎಂದರು ರಾಜಕುಮಾರಿ. ಟಿಕೆಟ್ ಆಗಿತ್ತು, ಆದ್ದರಿಂದ ಹೋದರು. ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು, ಒಂದು ಕೈಚೀಲ ಮಾತ್ರ ಹಿಡಿದು ಹೋದರು. ಅವರಿಲ್ಲದಾಗ ಅತ್ತೆಯ ವೀಸಾ ಮುಗಿದು ಅವರೂ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಮಗನ ಬಗ್ಗೆ ಒಂದು ಮಾತು, ಬಸಳೆಯ ಬಗ್ಗೆ ಹತ್ತು ಮಾತು ಹೇಳಿದರು. ಸಿಂಕಿನಲ್ಲಿ ಲೋಟವಿಲ್ಲದ ಆ ದಿನಗಳಲ್ಲಿ ನನಗೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ, ಅದಕ್ಕೂ ಸಿಟ್ಟು ಬಂತು.

ರಾಜಕುಮಾರಿ ಮರಳಿದ ದಿನ ಗೇಟು ತೆರೆದವಳು ನಾನೇ. ಅವರ ಮುಖ ಬಾಡಿತ್ತು. ಅಜ್ಜನ ತೋಟ ನೋಡಿದಿರಾ ಎಂದು ಕೇಳಿದೆ. ನೋಡಿದೆ, ಈಗ ಅಲ್ಲಿ ಬಸ್ಸುಗಳು ನಿಲ್ಲುತ್ತವೆ, ಚೆನ್ನಾಗಿ ಕಾಂಕ್ರೀಟು ಹಾಕಿದ್ದಾರೆ ಎಂದರು. ಜನ ಒಳ್ಳೆಯವರು, ಹೂ ಕೊಟ್ಟರು, ಊಟಕ್ಕೆ ಕರೆದರು. ಜಿಲ್ಲೆಗಳ ಹೆಸರನ್ನು ಹೇಳಿದಾಗ ಚಪ್ಪಾಳೆ ತಟ್ಟಿದರು, ಅವುಗಳಲ್ಲಿ ಅರ್ಧಕ್ಕೆ ಈಗ ಬೇರೆ ಹೆಸರು.

ಮೆಟ್ಟಿಲ ಮೇಲೆ, ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕುಳಿತು ಬೂಟು ಬಿಚ್ಚಿದರು. "ನೀವು ಹೇಳಿದ್ದು ಪೂರ್ತಿ ಸರಿಯಲ್ಲ, ಮೈ ಡಿಯರ್. ಮೊದಲನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಹೂ ಕೊಟ್ಟವರೆಲ್ಲ ಎರಡನೆಯದನ್ನೇ ಕೇಳಿದರು, ಯಾವಾಗ ಹೋಗುವುದು ಎಂದು."

ನಾನು ಚಹಾ ಇಡಲು ಒಳಗೆ ಹೋದೆ.

ಆ ಬೇಸಗೆ ಬಸಳೆಯನ್ನು ರಾಜಕುಮಾರಿಗೆ ಒಪ್ಪಿಸಿ ನಾವು ಊರಿಗೆ ಹೋದೆವು. ಚಿಕ್ಕಮ್ಮ ಕೇಳಿದರು, ಅಂಗಡಿಯವನು ಕೇಳಿದ, ಕಂಡಕ್ಟರ್ ಕೇಳಿದ. ಹೊರಡುವಾಗ ಅತ್ತೆ ಏನೂ ಕೇಳದೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆ ದಂಟನ್ನು ಸೂಟ್‌ಕೇಸಿನ ತಳಕ್ಕೆ ತುರುಕಿದರು. ಇದು ಯಾಕೆ, ಅಲ್ಲಿ ಬಳ್ಳಿ ಉಂಟಲ್ಲ ಎಂದೆ. "ಇರ್ಲಿ, ಅವರ ಕೈಯಲ್ಲಿ ಬಿಟ್ಟು ಬಂದದ್ದಲ್ವಾ" ಎಂದರು.

ದೋಹಾದಲ್ಲಿ ಇಳಿದಾಗ ಗಾಳಿ ಒಲೆಯ ಹಾಗೆ ಮುಖಕ್ಕೆ ಹೊಡೆಯಿತು. ಟ್ಯಾಕ್ಸಿಯಿಂದ ಸಾಮಾನು ಇಳಿಸುತ್ತಿರುವಾಗಲೇ ಗೇಟು ತೆರೆಯಿತು. ರಾಜಕುಮಾರಿ ನಿಂತಿದ್ದರು. ಅವರ ಭುಜದ ಮೇಲಿಂದ ಅಂಗಳ ಕಂಡಿತು. ತಂತಿಯ ಮೇಲೆ ಬಸಳೆ ಬೆಂದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಟ್ಯಾಂಕಿನ ನೀರನ್ನು ಹಾಗೇ ಹಿಡಿದು, ತಣಿಸದೆ, ದಿನವೂ ತಪ್ಪದೆ ಹೊಯ್ದಿದ್ದಾರೆ. ಬಕೆಟಿನ ಮಣ್ಣಿನಿಂದ ಇನ್ನೂ ಹಬೆ ಏಳುವುದೊಂದು ಬಾಕಿ. ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಬತ್ತರಾ?" ಎಂದರು ಅವರು, ತಪ್ಪು ರಾಗದಲ್ಲಿ.

"ಬಂದೆವು" ಎಂದೆ. ಸೂಟ್‌ಕೇಸ್ ಕೆಳಗಿಟ್ಟು, ರೂಢಿಯಂತೆ, ಇನ್ನೊಂದು ಪ್ರಶ್ನೆಗೆ ಕಾದು ನಿಂತೆ. ಅವರು ಅದನ್ನು ಕೇಳಲಿಲ್ಲ.